ಅರವತ್ನಾಲ್ಕು ಮನೆಯ ಪಟ, ನಾಲ್ಕು ಮಂದಿಯ ಮನೆ

ಪ್ರಶ್ನೆ: ನನಗೆ 47 ವರ್ಷ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಮದುವೆಗೆ ಮುಂಚೆ ಬಿ.ಎಡ್. ಮಾಡಿದ್ದೆ, ಕೆಲಸಕ್ಕೆ ಹೋಗಲಿಲ್ಲ. ಮಾವನವರಿಗೆ 79. ತೋಟದ ಲೆಕ್ಕ, ಕಪಾಟಿನ ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ. ನನ್ನವರಿಗೆ 52. ಒಂದು ಪಂಪು ರಿಪೇರಿ ಮಾಡಿಸಬೇಕಾದರೂ ಅಪ್ಪಯ್ಯನನ್ನು ಕೇಳಬೇಕು. ‘ವಾನಪ್ರಸ್ಥದ ವಯಸ್ಸು ಎಂದೋ ದಾಟಿತು, ಇನ್ನೂ ಬಿಡುವುದಿಲ್ಲ’ ಎಂದು ನನ್ನ ಹತ್ತಿರ ಗೊಣಗುತ್ತಾರೆ, ಎದುರಿಗೆ ಹೇಳುವುದಿಲ್ಲ. ಮಗನಿಗೆ 20. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಬಿಟ್ಟು ಬಂದಿದ್ದಾನೆ. ಮುಂದೇನು ಎಂದರೆ ಗೊತ್ತಿಲ್ಲ ಎನ್ನುತ್ತಾನೆ. ಮೊನ್ನೆ ಅಟ್ಟದ ಮೇಲೆ ನನ್ನ ಹಳೆಯ ನೋಟ್ಸ್ ಸಿಕ್ಕಿತು. ಮನಸ್ಸು ಹಂತ ಹಂತವಾಗಿ ಬೆಳೆಯುತ್ತದೆ ಎಂದ ಮನಶ್ಶಾಸ್ತ್ರಜ್ಞರು ಎರಿಕ್‌ಸನ್, ಪಿಯಾಜೆ ಎಲ್ಲರೂ ಇದ್ದರು. ಎರಿಕ್‌ಸನ್ನರ ಎಂಟು ಹಂತಗಳ ಲೆಕ್ಕದಲ್ಲಿ ನೋಡಿದರೆ ನಮ್ಮ ಮನೆಯಲ್ಲಿ ಯಾರೂ ಇರಬೇಕಾದ ಹಂತದಲ್ಲಿಲ್ಲ. ಈ ಸಿದ್ಧಾಂತಗಳನ್ನು ಎಷ್ಟು ನಂಬಬೇಕು? ಇನ್ನೊಂದು ಮಾತು. ಪಕ್ಕದೂರಿನ ಮಹಿಳಾ ತಾಳಮದ್ದಲೆ ತಂಡ ಸೇರಬೇಕೆಂದು ನನಗೆ ಆಸೆ. ‘ಈ ವಯಸ್ಸಿನಲ್ಲಿ?’ ಎನ್ನುತ್ತಾರೆ. ತಡವಾಯಿತೇ?

ಉತ್ತರ: ನಿಮ್ಮ ನೋಟ್ಸಿನಲ್ಲಿರುವ ಆ ಪಟ್ಟಿಯನ್ನು ನಾನೂ ಕಾರವಾರದಲ್ಲಿ ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಎಡಗಡೆ ವಯಸ್ಸು, ಬಲಗಡೆ ಹಂತ. ಹನ್ನೆರಡರಿಂದ ಹದಿನೆಂಟು ‘ನಾನು ಯಾರು’ ಎಂಬ ಅಸ್ಮಿತೆಯ ಹಂತ. ಆಮೇಲೆ ಆಪ್ತತೆ. ನಲವತ್ತರಿಂದ ಅರವತ್ತೈದು ಮುಂದಿನವರನ್ನು ಬೆಳೆಸುವ ಹಂತ. ಅದರ ಮೇಲೆ, ಬಾಳಿದ ಬಾಳನ್ನು ನನ್ನದೆಂದು ಒಪ್ಪಿಕೊಳ್ಳುವ ಹಂತ. ವಿದ್ಯಾರ್ಥಿಗಳು ಬಸ್ಸಿನ ವೇಳಾಪಟ್ಟಿಯ ಹಾಗೆ ಅದನ್ನು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ಹಾಗೆ ಕಲಿಸಿದ್ದು ಸರಿಯಾಗಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ವೇಳಾಪಟ್ಟಿ ಎಂದು ಓದಿದವರಿಗೆ ಮನೆಯವರೆಲ್ಲ ಬಸ್ಸು ತಪ್ಪಿಸಿಕೊಂಡವರಂತೆ ಕಾಣುತ್ತಾರೆ. ನಿಮಗೆ ಆದದ್ದೂ ಅದೇ.

ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ್ದು ಪಟ್ಟಿಯಲ್ಲ, ಚದುರಂಗದ ಹಲಗೆಯಂಥ ಒಂದು ಪಟ. ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಒಟ್ಟು 64 ಮನೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವ ಎಂಟು ಮನೆಗಳಲ್ಲಿ ಮಾತ್ರ ಬರಹವಿದೆ. ಎಳೆಗೂಸಿನ ನಂಬಿಕೆ-ಅಪನಂಬಿಕೆಯಿಂದ ಹಿಡಿದು ಮುಪ್ಪಿನ ಸಮಗ್ರತೆ-ಹತಾಶೆಯವರೆಗೆ ಎಂಟು ಜೋಡಿಗಳು. ಉಳಿದ 56 ಮನೆ ಖಾಲಿ. ವಯಸ್ಸಿನ ಅಂಕಿಗಳೂ ಅಲ್ಲಿಲ್ಲ. ಬಾಲ್ಯ, ಹರೆಯ, ಪ್ರೌಢತೆ ಎಂಬಂಥ ಹೆಸರುಗಳಷ್ಟೇ ಇವೆ. ಆ ಮನೆಗಳನ್ನು ಅವರು ಬೇಕೆಂದೇ ಖಾಲಿ ಬಿಟ್ಟಿದ್ದರು. ಎಂಟೂ ಪ್ರಶ್ನೆಗಳು ಎಲ್ಲ ವಯಸ್ಸಿನಲ್ಲೂ ಯಾವುದೋ ರೂಪದಲ್ಲಿ ಇರುತ್ತವೆ, ಓರೆ ಸಾಲು ತೋರಿಸುವುದು ಒಂದೊಂದು ಪ್ರಶ್ನೆ ಕಾವೇರುವ ಹೊತ್ತನ್ನು ಮಾತ್ರ ಎಂಬುದು ಅವರ ವಿಚಾರ. ಆಮೇಲೆ ಬಂದ ಪಠ್ಯಪುಸ್ತಕಗಳು ಓರೆ ಸಾಲನ್ನು ನೆಟ್ಟಗೆ ನಿಲ್ಲಿಸಿದವು, ಖಾಲಿ ಮನೆಗಳನ್ನು ಅಳಿಸಿದವು, ಪಕ್ಕದಲ್ಲಿ ವಯಸ್ಸು ಬರೆದವು. ನೀವು ಕೇಳಿದ ಮೂವರ ಸಂಗತಿಯೂ, ನಿಮ್ಮ ಸಂಗತಿಯೂ ಆ ಖಾಲಿ ಮನೆಗಳಲ್ಲೇ ಇದೆ.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಜೋಡಿಗಳಲ್ಲಿ ಒಂದು ಗೆದ್ದು ಒಂದು ಸೋಲಬೇಕು ಎಂದು ಎರಿಕ್‌ಸನ್ ಹೇಳಲಿಲ್ಲ. ಮಗುವಿಗೆ ನಂಬಿಕೆ ಬೇಕು. ಆದರೆ ಅಪನಂಬಿಕೆ ಒಂದಿಷ್ಟೂ ಇಲ್ಲದ ಮಗು ಜಾತ್ರೆಯಲ್ಲಿ ಯಾರ ಕೈ ಬೇಕಾದರೂ ಹಿಡಿದು ಹೋದೀತು. ಎರಡೂ ಇರಬೇಕು, ನಂಬಿಕೆಯ ತೂಕ ಒಂದು ಕೈ ಮೇಲಿರಬೇಕು. ಇದನ್ನು ಬಿಟ್ಟು ಓದಿದರೆ ‘ಪಾಸಾದ’, ‘ಫೇಲಾದ’ ಎಂಬ ಮಾತು ಬರುತ್ತದೆ.

ಮಾವನವರ ಬೀಗದ ಕೈಯಿಂದ ಶುರು ಮಾಡೋಣ. ಪಟದಲ್ಲಿ ಎರಡನೆಯ ಪ್ರಶ್ನೆ ಸ್ವಾಯತ್ತತೆಯದ್ದು. ಆಗತಾನೇ ನಡೆಯಲು ಕಲಿತ ಮಗು ತುತ್ತನ್ನು ಕಸಿದುಕೊಂಡು ‘ನಾನೇ, ನಾನೇ’ ಎನ್ನುವ ಹೊತ್ತು. ಅದು ಎರಡು-ಮೂರು ವರ್ಷಕ್ಕೆ ಮುಗಿಯಿತು ಎಂದು ನಾವು ಬರೆದುಕೊಂಡೆವು. ಎರಿಕ್‌ಸನ್ನರ ಪತ್ನಿ ಜೋನ್ ಎರಿಕ್‌ಸನ್ ಆ ಕೆಲಸದಲ್ಲಿ ಮೊದಲಿನಿಂದಲೂ ಜೊತೆಗಿದ್ದವರು. ಗಂಡ 1994ರಲ್ಲಿ ತೀರಿಕೊಂಡ ಮೇಲೆ, ತಮ್ಮ ತೊಂಬತ್ತು ದಾಟಿದ ವಯಸ್ಸಿನಲ್ಲಿ, ಒಂಬತ್ತನೆಯ ಹಂತವೊಂದನ್ನು ಸೇರಿಸಿದರು. ಅದು 1997ರಲ್ಲಿ ಅಚ್ಚಾಯಿತು. ಎಂಟನೆಯ ಹಂತಕ್ಕೇ ಮುಗಿಯಿತು ಎಂದುಕೊಂಡದ್ದು ತಾವಿಬ್ಬರೂ ಅಷ್ಟು ಮುದುಕರಾಗಿರಲಿಲ್ಲವಾದ್ದರಿಂದ ಎಂಬುದು ಅವರ ಮಾತಿನ ತಾತ್ಪರ್ಯ. ತೀರಾ ಮುಪ್ಪಿನಲ್ಲಿ ಹಳೆಯ ಎಂಟೂ ಪ್ರಶ್ನೆಗಳು ತಿರುಗಿ ಬರುತ್ತವೆ, ಅದೂ ಅವುಗಳ ಕಷ್ಟದ ಮುಖ ಮುಂದಾಗಿ. ಕಾಲು ನಡುಗುವಾಗ ನನ್ನ ಮೈ ನನ್ನ ಮಾತು ಕೇಳುತ್ತದೆಯೇ? ನಾಳೆ ಇವರು ನನ್ನನ್ನು ಕೇಳದೆಯೇ ಎಲ್ಲ ಮಾಡಿಬಿಟ್ಟರೆ? ಎರಡು ವರ್ಷದ ಮಗುವಿಗೂ 79ರ ಯಜಮಾನನಿಗೂ ಹೆದರಿಕೆ ಒಂದೇ. ಮಗುವಿಗೆ ಕೈ ಬರುತ್ತಿರುವ ಹೊತ್ತು, ಇವರಿಗೆ ಕೈ ಸೋಲುತ್ತಿರುವ ಹೊತ್ತು.

ಹಾಗಾಗಿ ಆ ಬೀಗದ ಕೈಯನ್ನು ಆಸ್ತಿಯ ಆಸೆ ಎಂದು ಓದಬೇಡಿ. 1976ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಮಾಡಿದ ಪ್ರಯೋಗವನ್ನು ನಾನು ಪ್ರತಿ ವರ್ಷ ಕಲಿಸುತ್ತಿದ್ದೆ. ಒಂದು ಮಹಡಿಯ ಹಿರಿಯರಿಗೆ ‘ನಿಮ್ಮ ಕೋಣೆ ಹೇಗಿರಬೇಕು ಎಂದು ನೀವೇ ತೀರ್ಮಾನಿಸಿ’ ಎಂದು ಹೇಳಿ, ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡವಿತ್ತು, ಆದರೆ ನೀರು ಹಾಕುವವರು ನರ್ಸುಗಳು, ಎಲ್ಲ ತೀರ್ಮಾನವೂ ಸಿಬ್ಬಂದಿಯದ್ದು. ಮೂರು ವಾರದಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಗೆಲುವಾಗಿದ್ದರು. ಒಂದು ಕುಂಡದ ಗಿಡಕ್ಕೆ ಇಷ್ಟು ಬಲವಿದ್ದರೆ, ಕೈಯಾರೆ ನೆಟ್ಟು ಬೆಳೆಸಿದ ತೋಟಕ್ಕೆ ಎಷ್ಟಿರಬೇಡ.

ಹಾಗೆಂದು ನಿಮ್ಮವರು 52ಕ್ಕೂ ಕೈ ಕಟ್ಟಿ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಬಾಲ್ಟೆಸ್ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಬೆಳವಣಿಗೆ ಎಂದರೆ ಏರುವುದು, ಮುಪ್ಪು ಎಂದರೆ ಇಳಿಯುವುದು ಎಂಬ ಲೆಕ್ಕವನ್ನೇ ಅವರು ಒಪ್ಪಲಿಲ್ಲ. ಹುಟ್ಟಿನಿಂದ ಸಾವಿನವರೆಗೆ ಗಳಿಕೆಯೂ ಇದೆ, ಕಳೆತವೂ ಇದೆ, ಪ್ರಮಾಣ ಬದಲಾಗುತ್ತದೆ ಅಷ್ಟೇ. ಚೆನ್ನಾಗಿ ಮುಪ್ಪಾಗುವವರು ಮಾಡುವುದನ್ನು ಅವರು ಮತ್ತು ಅವರ ಪತ್ನಿ ಮಾರ್ಗರೆಟ್ ಮೂರು ಮಾತಿನಲ್ಲಿ ಹೇಳಿದರು: ಕೆಲವನ್ನು ಆರಿಸಿಕೊಳ್ಳುವುದು, ಆರಿಸಿದ್ದನ್ನು ಹದಗೊಳಿಸುವುದು, ಸೋತದ್ದಕ್ಕೆ ಬದಲಿ ಹುಡುಕುವುದು. ಅವರು ಕೊಟ್ಟ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರ ವಯಸ್ಸಿನಲ್ಲಿ ಅವರು ನುಡಿಸುವ ಕೃತಿಗಳನ್ನು ಕಡಿಮೆ ಮಾಡಿದರು, ಉಳಿದವನ್ನು ಹೆಚ್ಚು ಅಭ್ಯಾಸ ಮಾಡಿದರು, ವೇಗದ ಭಾಗ ಬರುವ ಮುನ್ನ ಬೇಕೆಂದೇ ನಿಧಾನಿಸಿದರು. ಆಗ ಕೇಳುವವರಿಗೆ ವೇಗ ಕುಗ್ಗಿದಂತೆ ಅನ್ನಿಸುತ್ತಿರಲಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ಇದು ಹೊಸ ಸಂಗತಿಯಲ್ಲ. ಹಿರಿಯ ವೇಷಧಾರಿಯ ಗಿರಕಿ ಕಡಿಮೆಯಾಗುತ್ತದೆ, ಕಣ್ಣಿನ ಕೆಲಸ ಹೆಚ್ಚುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಬಣ್ಣ ಹಚ್ಚಿದಾಗ ಜನ ರಾತ್ರಿಯೆಲ್ಲ ಕೂತದ್ದು ಅನುಕಂಪಕ್ಕಲ್ಲ.

ಆದ್ದರಿಂದ ಮಾವನವರ ಹತ್ತಿರ ‘ಬಿಡಿ’ ಎನ್ನುವ ಬದಲು ‘ಇದು ನಿಮ್ಮದು’ ಎನ್ನುವಂಥದ್ದು ಏನಿದೆ ಎಂದು ಹುಡುಕಿ. ಬೀಜದಡಿಕೆಗೆ ಯಾವ ಮರದ ಗೊನೆ ಬಿಡಬೇಕು, ಸಸಿ ಹೇಗೆ ಎಬ್ಬಿಸಬೇಕು, ಈ ಸಲ ಚಾಲಿ ಎಷ್ಟು ಕೆಂಪಡಿಕೆ ಎಷ್ಟು, ಯಾವ ವಾರ ಮಾರಾಟಕ್ಕೆ ಕಳಿಸಬೇಕು. ಇವಕ್ಕೆ ಬೇಕಾದದ್ದು ಕಾಲಿನ ಕಸುವಲ್ಲ, ಐವತ್ತು ಮಳೆಗಾಲದ ತಿಳಿವಳಿಕೆ. ಇವು ಪೂರ್ತಿ ಅವರವೇ ಆಗಲಿ, ಇವುಗಳಲ್ಲಿ ನೀವು ಯಾರೂ ಕೈ ಹಾಕಬೇಡಿ. ಮದ್ದು ಹೊಡೆಸುವುದು, ಆಳು ಕಾಳಿನ ಬಟವಾಡೆ, ಪಂಪು, ಬ್ಯಾಂಕಿನ ಓಡಾಟ ನಿಮ್ಮವರಿಗೆ ಬರಲಿ. ಒಂದೇ ಸಲಕ್ಕೆ ಬೇಡ, ಒಂದು ಕೊಯ್ಲಿಗೆ ಒಂದೊಂದು. ಬೀಗದ ಕೈ ಸೊಂಟದಲ್ಲೇ ಇರಲಿ. ಅದರ ಜೋಡಿ ಕೈ ಒಂದನ್ನು ಅವರೇ ಮಗನ ಕೈಗೆ ಕೊಡುವ ದಿನ ಬರಲಿ ಎಂದು ಕಾಯುವುದಕ್ಕೂ, ಕಿತ್ತುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಮನೆಯಲ್ಲಿ ಯಾರೂ ಆಡದಿದ್ದರೆ ಒಳ್ಳೆಯದು. ಅದು ಸುಳ್ಳು. ಮೊದಲೆಲ್ಲ ಮನಶ್ಶಾಸ್ತ್ರಜ್ಞರು ಒಂದೇ ದಿನ ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಕೂರಿಸಿ ಪರೀಕ್ಷೆ ಕೊಟ್ಟು, ಬುದ್ಧಿ ಮೂವತ್ತಕ್ಕೇ ಇಳಿಯುತ್ತದೆ ಎಂದು ಬರೆದರು. ಎಪ್ಪತ್ತರವರು ಶಾಲೆ ಕಂಡದ್ದೇ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವಾರ್ನರ್ ಶೈ 1956ರಲ್ಲಿ ಸಿಯಾಟಲ್‌ನಲ್ಲಿ ಶುರುಮಾಡಿದ ಅಧ್ಯಯನ ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಪರೀಕ್ಷಿಸಿತು. ಆಗ ಕಂಡದ್ದು ಬೇರೆ. ಚುರುಕು ಬೇಗ ಇಳಿಯುತ್ತದೆ, ನಿಜ. ಆದರೆ ಹೆಚ್ಚಿನ ಸಾಮರ್ಥ್ಯಗಳು ಅರವತ್ತರವರೆಗೂ ನಿಲ್ಲುತ್ತವೆ, ಪದಸಂಪತ್ತಿನಂಥವು ಇನ್ನೂ ಮುಂದಕ್ಕೆ. ಆದರೆ ಒಂದು ಎಚ್ಚರ. ಮೊದಲು ಸರಾಗವಾಗಿ ಮಾಡುತ್ತಿದ್ದ ಲೆಕ್ಕ ಈಗ ತಪ್ಪುತ್ತಿದ್ದರೆ, ದಿನಾ ಹೋಗುವ ತೋಟದ ದಾರಿ ತಪ್ಪಿದರೆ, ಆಗ ತಾನೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ, ಅದು ಯಾವ ಹಂತವೂ ಅಲ್ಲ, ವೈದ್ಯರಿಗೆ ತೋರಿಸಬೇಕಾದ ಸಂಗತಿ. ಹಳೆಯ ಕಥೆಗಳನ್ನು ತಿರುಗಿ ತಿರುಗಿ ಹೇಳುವುದು ಮಾತ್ರ ಬೇರೆ. ಅದನ್ನು ರಾಬರ್ಟ್ ಬಟ್ಲರ್ ಎಂಬ ವೈದ್ಯರು 1963ರಲ್ಲೇ ‘ಬಾಳಿನ ಮರುನೋಟ’ ಎಂದು ಕರೆದರು. ಮುಪ್ಪಿನವರು ಹಿಂದಿನದನ್ನು ಕೆದಕುವುದು ಮರೆವಲ್ಲ, ಮಾಡಿ ಮುಗಿಸಬೇಕಾದ ಕೆಲಸ ಎಂದರು. ಆ ಕೆಲಸಕ್ಕೆ ಕಿವಿಗೊಡುವ ಒಬ್ಬರು ಬೇಕು. ನಿಮ್ಮ ಮನೆಯಲ್ಲಿ ಪುರುಸೊತ್ತಿರುವವನು ಒಬ್ಬನೇ.

ಅವನ ಮಾತಿಗೆ ಬರುತ್ತೇನೆ. ಎರಿಕ್‌ಸನ್ ಹುಟ್ಟಿದ್ದು 1902ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದರು. ಶಾಲೆ ಮುಗಿದ ಮೇಲೆ ವಿಶ್ವವಿದ್ಯಾಲಯ ಸೇರಲಿಲ್ಲ, ಚಿತ್ರ ಬರೆಯುತ್ತಾ ಯುರೋಪಿನಲ್ಲಿ ವರ್ಷಗಟ್ಟಲೆ ಅಲೆದರು. 25ನೇ ವಯಸ್ಸಿನಲ್ಲಿ ವಿಯೆನ್ನಾದ ಒಂದು ಪುಟ್ಟ ಶಾಲೆಯಲ್ಲಿ ಪಾಠ ಹೇಳಲು ಹೋದವರಿಗೆ ಅಲ್ಲಿ ಆನಾ ಫ್ರಾಯ್ಡ್ ಗುರುವಾಗಿ ಸಿಕ್ಕರು. ಅಮೆರಿಕಕ್ಕೆ ಹೋದ ಮೇಲೆ ‘ಎರಿಕ್‌ನ ಮಗ’ ಎಂದು ತನಗೆ ತಾನೇ ಹೆಸರಿಟ್ಟುಕೊಂಡರು. ‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಮಾತು ಲೋಕಕ್ಕೆ ಬಂದದ್ದು ಇಂಥ ಬಾಳಿನಿಂದ. ಆ ಅಲೆದಾಟದ ಹೊತ್ತಿಗೂ ಅವರೊಂದು ಹೆಸರು ಕೊಟ್ಟರು: ಮೊರಟೋರಿಯಂ. ಸಾಲ ತೀರಿಸಲು ಕೊಡುವ ಗಡುವಿನ ವಿನಾಯಿತಿಗೆ ಬಳಸುವ ಪದ ಅದು. ದೊಡ್ಡವನಾಗುವ ಸಾಲವನ್ನು ಸಮಾಜ ಸ್ವಲ್ಪ ದಿನ ಕೇಳದೆ ಇರುವುದು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆಯಲ್ಲ, ನೀವು ಬಂದಿದ್ದರೆ ನೋಡಿರುತ್ತೀರಿ. ಅಲ್ಲಿ ನಡೆಯುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ. 1878ರಲ್ಲಿ ಕಾನೂನು ಓದಲೆಂದು ಮನೆಯವರು ಅವರನ್ನು ಇಂಗ್ಲೆಂಡಿಗೆ ಕಳಿಸಿದ್ದರು. 1880ರಲ್ಲಿ ಪದವಿ ಇಲ್ಲದೆ ಮರಳಿದರು. 22ರ ಆಸುಪಾಸಿನಲ್ಲಿ ಇಲ್ಲಿಗೆ ಬಂದದ್ದು ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬ ಕಾರಣಕ್ಕೆ. ಇಲ್ಲಿ ಕೂತು ಒಂದು ನಾಟಕ ಬರೆದರು. ಲೋಕದ ಹಂಗು ತೊರೆದೆ ಎಂದುಕೊಂಡ ಸನ್ಯಾಸಿಯನ್ನು ಒಬ್ಬ ಅನಾಥ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ. ನಿಮ್ಮ ಮಗನೂ ಟ್ಯಾಗೋರ್ ಆಗುತ್ತಾನೆ ಎಂದು ಸಮಾಧಾನ ಹೇಳಲು ಇದನ್ನು ಬರೆಯುತ್ತಿಲ್ಲ. ಅಂಥ ಸಮಾಧಾನ ಹುಡುಗರ ಹೆಗಲಿಗೆ ಇನ್ನೊಂದು ಭಾರ. ಆ ವಯಸ್ಸಿನಲ್ಲಿ ಓದು ಬಿಟ್ಟು ಬಂದವನಿಗೆ ಒಂದು ಮನೆ, ಎರಡು ಹೊತ್ತಿನ ಊಟ, ‘ಮುಂದೇನು’ ಎಂದು ದಿನಾ ಕೇಳದ ಒಬ್ಬ ಅಣ್ಣ ಇದ್ದರು ಎಂಬುದಷ್ಟೇ ನನಗೆ ಮುಖ್ಯ.

1966ರಲ್ಲಿ ಜೇಮ್ಸ್ ಮಾರ್ಶಿಯಾ ಈ ವಿಚಾರವನ್ನು ಇನ್ನಷ್ಟು ಬಿಡಿಸಿದರು. ಎರಡು ಪ್ರಶ್ನೆ ಕೇಳಬೇಕು ಎಂದರು. ಇವನು ಹುಡುಕಿದ್ದಾನೆಯೇ? ಇವನು ಒಂದಕ್ಕೆ ಕಟ್ಟುಬಿದ್ದಿದ್ದಾನೆಯೇ? ಹುಡುಕಿ ಕಟ್ಟುಬಿದ್ದವನು ಒಂದು ಕಡೆ. ಹುಡುಕುತ್ತಲೇ ಇರುವವನು ಮೊರಟೋರಿಯಂನಲ್ಲಿ. ಹುಡುಕಾಟವೂ ಇಲ್ಲ, ಕಟ್ಟೂ ಇಲ್ಲ ಎಂದರೆ ಚದುರಿದ ಸ್ಥಿತಿ. ನಾಲ್ಕನೆಯವನು ಹುಡುಕದೆಯೇ, ಹಿರಿಯರು ಹಾಕಿದ ಕಟ್ಟಿಗೆ ಕುತ್ತಿಗೆ ಕೊಟ್ಟವನು. ಇಂಜಿನಿಯರಿಂಗ್ ಸೇರುವಾಗ ನಿಮ್ಮ ಮಗ ಈ ನಾಲ್ಕನೆಯ ಮನೆಯಲ್ಲಿದ್ದಿರಬಹುದು. ಬಿಟ್ಟು ಬಂದದ್ದರಿಂದ ಅವನು ಹಿಂದೆ ಬಿದ್ದ ಎಂದು ನಾನು ಎಣಿಸುವುದಿಲ್ಲ. ಆದರೆ ಈಗ ಅವನು ಹುಡುಕುತ್ತಿದ್ದಾನೋ, ಚದುರಿದ್ದಾನೋ ಎಂಬುದನ್ನು ನೀವು ಗಮನಿಸಲೇಬೇಕು. ಹುಡುಕುವವನು ಏನನ್ನಾದರೂ ಮಾಡಿ ನೋಡುತ್ತಾನೆ, ಬೇಡವೆನ್ನುತ್ತಾನೆ, ಸಿಟ್ಟಾಗುತ್ತಾನೆ. ಹಗಲಿಡೀ ಮಲಗಿದ್ದು, ಊಟ ಸೇರದೆ, ಗೆಳೆಯರ ಫೋನನ್ನೂ ಎತ್ತದೆ, ಬದುಕು ಸಾಕು ಎಂಬಂಥ ಮಾತು ಆಡುತ್ತಿದ್ದರೆ ಅದನ್ನು ಹಂತವೆಂದು ಕಾಯುತ್ತಾ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈಚೆಗೆ ಜೆಫ್ರಿ ಆರ್ನೆಟ್ 2000ದಲ್ಲಿ ಹದಿನೆಂಟರಿಂದ ಇಪ್ಪತ್ತೈದರ ನಡುವೆ ‘ಹೊಮ್ಮುತ್ತಿರುವ ಪ್ರೌಢತೆ’ ಎಂಬ ಬೇರೆಯೇ ಒಂದು ಹಂತವಿದೆ ಎಂದರು. ಓದು ಉದ್ದವಾಗಿ, ಮದುವೆ ತಡವಾದ ಸಮಾಜದಲ್ಲಿ ಇದು ಹೌದು. ಆದರೆ ನಿಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವವರ ಮನೆಯ ಇಪ್ಪತ್ತರ ಹುಡುಗನಿಗೆ ಆ ಬಿಡುವು ಯಾರು ಕೊಟ್ಟರು? ಅವನು ಆಗಲೇ ಮನೆ ನಡೆಸುತ್ತಿದ್ದಾನೆ. ಇದು ಎಲ್ಲ ಮನುಷ್ಯರ ಹಂತವಲ್ಲ, ಅನುಕೂಲವಿದ್ದವರ ಹಂತ. ಮಗನಿಗೆ ಇದನ್ನು ತಪ್ಪಿತಸ್ಥ ಭಾವ ಹುಟ್ಟಿಸಲು ಹೇಳಬೇಡಿ, ಆದರೆ ಅವನಿಗೆ ಗೊತ್ತಿರಲಿ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಯಾರಾದರೂ ಅವನ ಮುಂದೆ ಹೇಳಿದರೆ, ತೋಟಕ್ಕೆ ಕರೆದೊಯ್ದು ತೋರಿಸಿ. ಮರ ಹತ್ತಿ ಅಡಿಕೆ ಇಳಿಸುವ ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವಾಗ ಬಲಿತ ಅಡಿಕೆ ಮರವೇ ಬಾಗುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲೊಂದು ಪಾಲು ಗಟ್ಟಿಯಾಗಿ ನಿಂತರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲಿ ಬಹುಪಾಲು ಜನ ಮೂವತ್ತು, ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು. ಒಂದು ಕೆಲಸ, ಒಳ್ಳೆಯ ಸಂಗಾತಿ, ಬಿಟ್ಟಿದ್ದ ಓದಿಗೆ ಮರಳುವ ಅವಕಾಶ, ಅಂಥವು ಸಾಕಾಗಿದ್ದವು.

ನಿಮ್ಮ ನೋಟ್ಸಿನ ಪಿಯಾಜೆ ಈ ಮನೆಗೆ ಹೆಚ್ಚು ನೆರವಾಗಲಾರರು. ಮಗುವಿನ ಯೋಚನೆ ಹೇಗೆ ಬಲಿಯುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ನೋಡಿದವರಿಲ್ಲ, ಆದರೆ ಅವರ ನಾಲ್ಕು ಹಂತಗಳು ಹದಿಹರೆಯಕ್ಕೆ ನಿಲ್ಲುತ್ತವೆ.

ಈಗ ನಿಮ್ಮವರ ವಾನಪ್ರಸ್ಥದ ಮಾತು. ಸುಧೀರ್ ಕಕ್ಕರ್, ಗಾಂಧಿಯ ಮೇಲೆ ಪುಸ್ತಕ ಬರೆಯಲು ಎರಿಕ್‌ಸನ್ ಅಹಮದಾಬಾದಿಗೆ ಬಂದಾಗ ಅವರ ಪರಿಚಯವಾಗಿ ಮನೋವಿಶ್ಲೇಷಣೆಗೆ ಹೊರಳಿದವರು. ನಮ್ಮ ಆಶ್ರಮಗಳನ್ನೂ ಎರಿಕ್‌ಸನ್ನರ ಹಂತಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೋಲಿಕೆ ಇದೆ. ಆದರೆ ಸಂಸ್ಕೃತ ವಿದ್ವಾಂಸ ಪ್ಯಾಟ್ರಿಕ್ ಒಲಿವೆಲ್ ತೋರಿಸಿಕೊಟ್ಟ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಹಳೆಯ ಧರ್ಮಸೂತ್ರಗಳಲ್ಲಿ ನಾಲ್ಕು ಆಶ್ರಮಗಳು ಒಂದರ ಮೇಲೊಂದು ಹತ್ತುವ ಮೆಟ್ಟಿಲುಗಳಾಗಿರಲಿಲ್ಲ. ಹರೆಯದವನು ತನಗೆ ಬೇಕಾದದ್ದನ್ನು ಆರಿಸಿಕೊಂಡು ಬಾಳಿಡೀ ನಡೆಯಬಹುದಾದ ನಾಲ್ಕು ದಾರಿಗಳಾಗಿದ್ದವು. ವಯಸ್ಸಿನ ಕ್ರಮ ಅವಕ್ಕೆ ಬಂದದ್ದು ಆಮೇಲೆ. ಅಲ್ಲೂ ದಾರಿಗಳನ್ನು ಯಾರೋ ಮೆಟ್ಟಿಲು ಮಾಡಿದರು. ಹಾಗಾಗಿ ಅಪ್ಪಯ್ಯನನ್ನು ಕಾಡಿಗೆ ಕಳಿಸಲು ನಿಮ್ಮವರಿಗೆ ಶಾಸ್ತ್ರದ ಬಲವೂ ಪೂರ್ತಿ ಸಿಗುವುದಿಲ್ಲ. ಅವರ ಸಂಕಟ ಮಾತ್ರ ನಿಜವಾದದ್ದು. 52ನೇ ವಯಸ್ಸಿನಲ್ಲಿ ಬೆಳೆಸಲು, ತೀರ್ಮಾನಿಸಲು, ತನ್ನದೆಂದು ಏನನ್ನಾದರೂ ಬಿಟ್ಟುಹೋಗಲು ಮನಸ್ಸು ತುಡಿಯುತ್ತದೆ. ಎರಿಕ್‌ಸನ್ ಗಾಂಧಿಯನ್ನು ನೋಡಿದ್ದೂ ಹೀಗೆಯೇ. 1918ರ ಅಹಮದಾಬಾದ್ ಗಿರಣಿ ಮುಷ್ಕರದ ಹೊತ್ತಿಗೆ ಗಾಂಧಿಗೆ 48. ನಡುವಯಸ್ಸಿನ ಮನುಷ್ಯ ತನ್ನ ಮನೆಯಾಚೆಯವರ ಹೊಣೆ ಹೊರುವ ಗಳಿಗೆಯನ್ನು ಅವರು ಅಲ್ಲಿ ಕಂಡರು. ನಿಮ್ಮವರು ಇಪ್ಪತ್ತರಲ್ಲಿ ಹುಡುಕದೆಯೇ ತೋಟಕ್ಕೆ ಬಂದಿದ್ದರೆ ಅವರ ಹುಡುಕಾಟದ ಮನೆಯೂ ಇನ್ನೂ ಖಾಲಿ ಇದೆ. ಮಗ ಓದು ಬಿಟ್ಟದ್ದಕ್ಕೆ ಅವರಿಗೆ ಬರುವ ಸಿಟ್ಟಿನಲ್ಲಿ ಅದರ ಪಾಲು ಎಷ್ಟು ಎಂದು ಒಂದು ರಾತ್ರಿ ಮೆಲ್ಲಗೆ ಕೇಳಿ ನೋಡಿ.

ಈ ಎಲ್ಲರನ್ನೂ ಬಿಡಿಬಿಡಿಯಾಗಿ ನೋಡಿದರೆ ಅರ್ಧ ತಿಳಿದಂತೆ. ಪೀಳಿಗೆಗಳು ಹಲ್ಲುಚಕ್ರಗಳ ಹಾಗೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ ಎಂಬುದು ಎರಿಕ್‌ಸನ್ನರದೇ ಹೋಲಿಕೆ. ಆಲೆಮನೆಯ ಗಾಣ ನೋಡಿದ್ದೀರಲ್ಲ, ಒಂದು ಉರುಳೆ ನಿಂತರೆ ಪಕ್ಕದ್ದೂ ನಿಲ್ಲುತ್ತದೆ. ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಇದನ್ನು ‘ಬೆಸೆದ ಬಾಳುಗಳು’ ಎಂದರು, ಜೊತೆಗೆ ಕಾಲವನ್ನೂ ಸೇರಿಸಿದರು. 1930ರ ದಶಕದ ಅಮೆರಿಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಎರಡು ಗುಂಪಿನ ಮಕ್ಕಳನ್ನು ಅವರು ಹೋಲಿಸಿದರು. ಆಗ ಹತ್ತು ದಾಟಿದ್ದವರು ಮನೆಗೆ ದುಡಿದು, ಹೊಣೆ ಹೊತ್ತು, ಮುಂದೆ ಹೆಚ್ಚಿನವರು ಚೆನ್ನಾಗಿಯೇ ಬಾಳಿದರು. ಆಗಿನ್ನೂ ಎಳೆಯ ಗಂಡುಮಕ್ಕಳಾಗಿದ್ದವರಿಗೆ ಅದೇ ಕುಸಿತ ಹೆಚ್ಚು ಪೆಟ್ಟು ಕೊಟ್ಟಿತು. ಸಂಕಟ ಒಂದೇ, ಅದು ಯಾವ ವಯಸ್ಸಿಗೆ ಬಂದು ತಾಗಿತು ಎಂಬುದು ಬೇರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಊರುಗಳು ಎದ್ದು ಹೋದದ್ದು. ನನ್ನ ತರಗತಿಯಲ್ಲೇ ಆ ಮನೆಗಳ ಮಕ್ಕಳಿದ್ದರು. ಅವರು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡರು. ಮನೆಯ ಅಜ್ಜಂದಿರು ಹೊಸ ಜಗಲಿಯಲ್ಲಿ ಕೂತು ಸಮುದ್ರ ಇರುವ ದಿಕ್ಕಿಗೇ ಮುಖ ಮಾಡುತ್ತಿದ್ದರು ಎಂದು ಒಬ್ಬ ಹುಡುಗಿ ಬರೆದುಕೊಟ್ಟಿದ್ದಳು. ನಿಮ್ಮ ಮಾವನವರಿಗೂ ಅಂಥ ಒಂದು ಕಾಲವಿದೆ. 1974ರ ಭೂಸುಧಾರಣೆ ಬಂದಾಗ ಅವರು ಮೂವತ್ತರ ಒಳಗಿನ ಯುವಕ. ಇವತ್ತು ಉಳುವ ನೆಲ ನಾಳೆ ಯಾರದ್ದು ಎಂದು ಕಾಗದ ತೀರ್ಮಾನಿಸಿದ ದಿನಗಳು. ಆಗ ಮನೆಗೆ ನೆಲ ಬಂತೋ, ಹೋಯಿತೋ, ಕೇಳಿ. ಕಪಾಟು, ಕಾಗದ, ಬೀಗದ ಕೈ ಎಂದರೆ ಅವರ ವಯಸ್ಸಿನವರಿಗೆ ಏನು ಎಂಬುದು ಆಗ ತಿಳಿದೀತು.

ಅದಕ್ಕೇ ಮಗನಿಗೆ ಒಂದು ಕೆಲಸ ಕೊಡಿ ಎನ್ನುತ್ತೇನೆ. ಒಂದು ದಪ್ಪ ನೋಟ್‌ಬುಕ್. ಅಜ್ಜ ಹೇಳುತ್ತಾ ಹೋಗಲಿ, ಅವನು ಬರೆಯಲಿ: ತೋಟದ ಯಾವ ಭಾಗ ಯಾವ ವರ್ಷ ನೆಟ್ಟದ್ದು, ಕೊಳೆರೋಗಕ್ಕೆ ಫಸಲೇ ಹೋದ ಮಳೆಗಾಲ ಯಾವುದು, ಬೆಟ್ಟದ ಸೊಪ್ಪಿಗೆ ಯಾರ ಜೊತೆ ಜಗಳವಾಯಿತು, ಮೊದಲ ಪಂಪು ಬಂದ ದಿನ. ಅಜ್ಜನಿಗೆ ಬಾಳಿನ ಮರುನೋಟ, ಮೊಮ್ಮಗನಿಗೆ ತಾನು ಯಾವ ಕಥೆಯ ಮುಂದಿನ ಪುಟ ಎಂಬ ಅರಿವು. ಅವನು ಆ ಪುಟ ಬರೆಯಲೂಬಹುದು, ಬೇಡ ಎನ್ನಲೂಬಹುದು. ಗೊತ್ತಿದ್ದು ಬೇಡ ಎಂದರೆ ಅದೂ ಹುಡುಕಾಟವೇ. ನೀವಾಗಲಿ ನಿಮ್ಮವರಾಗಲಿ ಆ ಮಾತುಕತೆಯ ನಡುವೆ ‘ಹಾಗಾದರೆ ತೋಟ ನೋಡಿಕೊಳ್ಳುತ್ತೀಯಾ’ ಎಂದು ಮಾತ್ರ ಕೇಳಬೇಡಿ.

ಇನ್ನು ನೀವು. ನಾಲ್ವರಲ್ಲಿ ನಿಮ್ಮ ಪ್ರಶ್ನೆಯನ್ನು ಕೊನೆಯಲ್ಲಿ, ‘ಇನ್ನೊಂದು ಮಾತು’ ಎಂದು ಬರೆದಿದ್ದೀರಿ. ಸಿದ್ಧಾಂತಗಳೂ ಹಾಗೆಯೇ ಮಾಡಿದವು. 1978ರಲ್ಲಿ ಡೇನಿಯಲ್ ಲೆವಿನ್‌ಸನ್ ನಡುವಯಸ್ಸಿನ ತಿರುವುಗಳ ಬಗ್ಗೆ ಬರೆದ ಹೆಸರಾಂತ ಅಧ್ಯಯನದಲ್ಲಿದ್ದವರು 40 ಜನ, 40ಕ್ಕೆ 40 ಗಂಡಸರು. ಗಂಡುಮಕ್ಕಳ ಉತ್ತರಗಳನ್ನು ಅಳತೆಗೋಲು ಮಾಡಿಕೊಂಡು ಹೆಣ್ಣುಮಕ್ಕಳು ಹಿಂದೆ ಬಿದ್ದಿದ್ದಾರೆ ಎನ್ನುವುದು ಯಾವ ನ್ಯಾಯ ಎಂದು ಕ್ಯಾರಲ್ ಗಿಲಿಗನ್ 1982ರಲ್ಲಿ ಕೇಳಿದ ಮೇಲೆ ಗಾಳಿ ಸ್ವಲ್ಪ ತಿರುಗಿತು. ಮನೆಯ ಎಲ್ಲರ ಹಂತಗಳಿಗೂ ಅಡಿಗಲ್ಲಾಗಿ, ಹಗಲು ಅಡುಗೆ, ರಾತ್ರಿ ಅಡಿಕೆ ಸುಲಿತ ಎಂದು ಕಾಲು ಶತಮಾನ ಕಳೆದ ಹೆಂಗಸಿನ ಒಳಗೆ ಏನು ಬೆಳೆಯುತ್ತದೆ ಎಂಬುದನ್ನು ಅಳೆದವರು ಇವತ್ತಿಗೂ ಕಡಿಮೆ. ಇದು ನನ್ನ ವಿಷಯದ ದೊಡ್ಡ ಕೊರತೆ ಎಂದೇ ನಾನು ತಿಳಿದಿದ್ದೇನೆ.

‘ಈ ವಯಸ್ಸಿನಲ್ಲಿ?’ ಎಂಬ ಮಾತಿಗೆ ಬರ್ನಿಸ್ ನ್ಯೂಗಾರ್ಟನ್ ಹೆಸರು ಕೊಟ್ಟಿದ್ದಾರೆ: ಸಾಮಾಜಿಕ ಗಡಿಯಾರ. ಯಾವುದು ಯಾವಾಗ ಆಗಬೇಕು ಎಂದು ಊರು ಇಟ್ಟುಕೊಂಡಿರುವ ಗಡಿಯಾರ. ಅದರ ಮುಳ್ಳು ನಿಮ್ಮ ಮಿದುಳಿನಲ್ಲಿಲ್ಲ, ಜನರ ಬಾಯಲ್ಲಿದೆ. ಮಿದುಳಿನ ಮಾತು ಹೇಳುವುದಾದರೆ, ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡಾಗಿ ನೋಡಿದರು. ಹೊಸ ಒಗಟನ್ನು ಥಟ್ಟನೆ ಬಿಡಿಸುವ ದ್ರವರೂಪದ್ದು ಒಂದು, ಕಂಡದ್ದು ಕೇಳಿದ್ದು ಹರಳುಗಟ್ಟಿದ್ದು ಇನ್ನೊಂದು. ಮೊದಲನೆಯದು ಹರೆಯದಲ್ಲಿ ಹೆಚ್ಚು. ಎರಡನೆಯದು ನಡುವಯಸ್ಸು ದಾಟಿದರೂ ಬೆಳೆಯುತ್ತದೆ. ತಾಳಮದ್ದಲೆಯ ಅರ್ಥಗಾರಿಕೆಗೆ ಬೇಕಾದದ್ದು ಯಾವುದು ಎಂದು ನಿಮಗೇ ಗೊತ್ತು. ಬರೆದಿಟ್ಟ ಮಾತಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಕೂಡಲೇ ಪಾತ್ರದ ಮನಸ್ಸನ್ನು ಮಾತಿನಲ್ಲಿ ಕಟ್ಟಬೇಕು, ಎದುರು ಪಾತ್ರಧಾರಿ ಎಸೆದ ಮಾತಿಗೆ ಅಲ್ಲೇ ಉತ್ತರಿಸಬೇಕು. ಅತ್ತೆ, ಮಾವ, ಗಂಡ, ಮಗ ನಾಲ್ಕೂ ಕಡೆಯ ಮಾತನ್ನು ಇಪ್ಪತ್ತು ವರ್ಷ ಕೇಳಿಸಿಕೊಂಡವರಿಗೆ ಇರುವ ಸರಕು ಇಪ್ಪತ್ತರ ಹುಡುಗಿಗೆ ಎಲ್ಲಿಂದ ಬರಬೇಕು?

ಇದನ್ನು ನಡುವಯಸ್ಸಿನ ಬಿಕ್ಕಟ್ಟು ಎಂದೂ ಕರೆದುಕೊಳ್ಳಬೇಡಿ. ಆ ಪದ ಎಲಿಯಟ್ ಜಾಕ್ಸ್ 1965ರಲ್ಲಿ ಚಲಾವಣೆಗೆ ತಂದದ್ದು. ಅಮೆರಿಕದಲ್ಲೇ ಆಮೇಲೆ ವಿಚಾರಿಸಿದಾಗ, ತಮಗೆ ಅಂಥದ್ದೊಂದು ಬಂದಿತ್ತು ಎಂದವರು ಕಾಲು ಭಾಗದಷ್ಟು ಜನ ಮಾತ್ರ. ಅವರಲ್ಲೂ ಹಲವರು ಹೇಳಿದ್ದು ವಯಸ್ಸಿನ ಕಾರಣವನ್ನಲ್ಲ, ಸಾವು, ಕೆಲಸ ಹೋದದ್ದು, ಮನೆ ಒಡೆದದ್ದು, ಇಂಥವನ್ನು.

ತಂಡ ಸೇರಿ. ಅಭ್ಯಾಸ ಯಾವ ವಾರ, ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬನ್ನಿ. ಆ ಸಂಜೆಯ ಅಡುಗೆ ಯಾರದ್ದು ಎಂದು ಮನೆಯಲ್ಲಿ ಮೊದಲೇ ಗೊತ್ತಾಗಲಿ. ಮಗನಿಗೆ ಕೈ ಬಿಡುವಿದೆ, ಅನ್ನ, ತಂಬುಳಿ ಮಾಡಲು ಇಪ್ಪತ್ತು ವರ್ಷ ಸಾಕಷ್ಟು ದೊಡ್ಡ ವಯಸ್ಸು. ಪ್ರಸಂಗದ ಕಥೆಯಲ್ಲಿ ಅನುಮಾನ ಬಂದರೆ ಮಾವನವರನ್ನೇ ಕೇಳಿ. ಅವರ ವಯಸ್ಸಿನ ಮಲೆನಾಡಿನ ಯಜಮಾನರಲ್ಲಿ ರಾತ್ರಿಯಿಡೀ ತಾಳಮದ್ದಲೆ ಕೇಳದವರು ಅಪರೂಪ. ಮೊದಲ ಸಲ ಯಾವ ಪಾತ್ರಕ್ಕೆ ಅರ್ಥ ಹೇಳುತ್ತೀರಿ ಎಂದು ನನಗೊಂದು ಸಾಲು ಬರೆಯಿರಿ, ತಂಗಿ. ಬಸ್ಸು ಹತ್ತಿ ಘಟ್ಟ ಏರಿ ಬಂದು ಕೇಳುತ್ತೇನೆ.